ಹಳೇ ಬೀಟೆ ಕುರ್ಚಿಗೆ ರೆಡಿ ಬೆತ್ತದ ಜಾಲರಿ: ಕೊಡಗಿನ ಮಳೆಗೆ ಯಾವುದು ಬಾಳುತ್ತದೆ?

ಕೊಡವರ ಮೂಲಮನೆಯಾದ ಐನ್‌ಮನೆಯ ಕೈಯಾಲೆ ಜಗಲಿಯಲ್ಲಿ, ತೋಟದ ಬಂಗಲೆಯ ಮೂಲೆಯಲ್ಲಿ, ಅಟ್ಟದ ಮೇಲೆ ಬೆತ್ತ ಹರಿದ ಬೀಟೆ ಕುರ್ಚಿಗಳು ಕೊಡಗಿನಲ್ಲಿ ಇನ್ನೂ ಬೇಕಾದಷ್ಟಿವೆ. ಮರಕ್ಕೆ ಏನೂ ಆಗಿರುವುದಿಲ್ಲ, ಕೂರುವ ಜಾಗ ಮಾತ್ರ ತೂತು. ಇವುಗಳಿಗಾಗಿ ಈಗ ಆನ್‌ಲೈನ್‌ನಲ್ಲೂ ಮೈಸೂರು, ಬೆಂಗಳೂರಿನ ಫರ್ನಿಚರ್ ಸಾಮಾನಿನ ಅಂಗಡಿಗಳಲ್ಲೂ ರೆಡಿ ಬೆತ್ತದ ಜಾಲರಿ ರೋಲ್ ಸಿಗುತ್ತದೆ. ಕೇನ್ ಮೆಶ್, ಕೇನ್ ನೆಟ್, ಕೇನ್ ವೆಬ್ಬಿಂಗ್ ಎಲ್ಲ ಒಂದೇ ಸಾಮಾನು. ಮನೆಯಲ್ಲೇ ಒಂದು ಬೆಳಗ್ಗೆಯಲ್ಲಿ ಕುರ್ಚಿಗೆ ಹಾಕಬಹುದಾದ ಒಳ್ಳೆಯ ಸಾಮಾನು ಇದು. ಆದರೆ ಎಲ್ಲ ಕುರ್ಚಿಗೂ ಅಲ್ಲ, ವರ್ಷದ ಎಲ್ಲ ತಿಂಗಳಿಗೂ ಅಲ್ಲ. ರೋಲ್ ಕೆಟ್ಟದ್ದು ಎಂದು ದೂರುವವರಲ್ಲಿ ಹೆಚ್ಚಿನವರು ತಪ್ಪು ಕುರ್ಚಿಗೆ ಹಾಕಿರುತ್ತಾರೆ, ಇಲ್ಲವೇ ಜುಲೈಯಲ್ಲಿ ಹಾಕಿರುತ್ತಾರೆ.

ದುಡ್ಡು ಕೊಡುವ ಮೊದಲು ಕುರ್ಚಿಯನ್ನು ಮಗುಚಿ ನೋಡಿ. ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿದ್ದು ಎಳೆಗಳು ಅದರೊಳಗೆ ಹೋಗಿ ಬಂದಿದ್ದರೆ ಅದು ಕೈಯಲ್ಲಿ ಹೆಣೆದ ಕುರ್ಚಿ. ಅದಕ್ಕೆ ರೋಲ್ ಬೇಡ, ಬೆತ್ತದ ಬಿಡಿ ಎಳೆಯ ಸಿಂಬೆ (ಸುರುಳಿ ಸುತ್ತಿದ ಕಟ್ಟು) ಬೇಕು. ತೂತಿಲ್ಲದೆ, ಮೇಲ್ಭಾಗದಲ್ಲಿ ಸುತ್ತಲೂ ಕೊರೆದ ಒಂದು ಗ್ರೂವ್ (ಸಣ್ಣ ಕಾಲುವೆ) ಇದ್ದು ಅದರಲ್ಲಿ ಪಟ್ಟಿಯೊಂದು ಕೂತಿದ್ದರೆ ರೋಲ್ ಅದಕ್ಕೇ ಮಾಡಿದ್ದು. ತೂತಿನ ಕುರ್ಚಿಗೆ ರೋಲ್ ಹಾಕಿ ಮೇಲೆ ಬೀಡಿಂಗ್ (ಮರದ ತೆಳು ಪಟ್ಟಿ) ಹೊಡೆದು ಕೊಡುವ ಬಡಗಿಗಳಿದ್ದಾರೆ. ಆಗ ಭಾರವನ್ನೆಲ್ಲ ಸಣ್ಣ ಮೊಳೆಗಳೇ ಹೊರಬೇಕು. ಜೊತೆಗೆ ಹಳೆಯ ಬೀಟೆಗೆ ಹೊಸ ಮೊಳೆ ಹೊಡೆದರೆ ಸೀಳು ಬೀಳುವ ಭಯವೂ ಇದೆ. ಒಪ್ಪಬೇಡಿ.

ರೋಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬ್ಲೀಚ್ ಮಾಡದ ಸಹಜ ಬೆತ್ತ ತಿಳಿ ಹಳದಿ, ಅಲ್ಲಲ್ಲಿ ಕಂದು ಗೆರೆ. ಬ್ಲೀಚ್ ಮಾಡಿದ್ದು ಅಚ್ಚ ಕೆನೆ ಬಣ್ಣದ್ದು, ಫೋಟೋದಲ್ಲಿ ಬಹಳ ಚಂದ. ಮೂರನೆಯದು ಪ್ಲಾಸ್ಟಿಕ್ ಬೆತ್ತ. ಕೂರುವ ಜಾಗಕ್ಕೆ ಮೊದಲನೆಯದನ್ನೇ ತೆಗೆದುಕೊಳ್ಳಿ. ಬ್ಲೀಚ್ ನಾರಿನ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ. ಕಪಾಟಿನ ಬಾಗಿಲಿಗೆ ಅದು ಸಾಕು, ಮೈಭಾರ ಬೀಳುವಲ್ಲಿಗೆ ಸಾಲದು. ಕೊಡಗಿನ ತೇವದಲ್ಲಿ ಬಿಳಿ ಬೆತ್ತದ ಮೇಲೆ ಬೂಸ್ಟಿನ ಕಪ್ಪು ಚುಕ್ಕೆ ಒಂದೇ ಮಳೆಗಾಲಕ್ಕೆ ಎದ್ದು ಕಾಣುತ್ತದೆ ಎಂಬುದೂ ಇದೆ. ಸಹಜ ಬಣ್ಣದ ಬೆತ್ತ ಒಂದೆರಡು ವರ್ಷದಲ್ಲಿ ತಾನಾಗಿ ಜೇನಿನ ಬಣ್ಣಕ್ಕೆ ತಿರುಗಿ ಬೀಟೆಗೆ ಒಪ್ಪುತ್ತದೆ.

ಹೆಣಿಗೆಯಲ್ಲೂ ಆಯ್ಕೆ ಇದೆ. ಎಂಟು ಮೂಲೆಯ ಕಣ್ಣಿರುವ ಹಳೆಯ ಮಾದರಿ, ಕಣ್ಣಿಂದ ಕಣ್ಣಿಗೆ ಸುಮಾರು ಅರ್ಧ ಇಂಚು ಇರುವುದು, ಕುರ್ಚಿಗೆ ಸರಿ. ಹಿಂದೆ ರೇಡಿಯೋದ ಸ್ಪೀಕರ್ ಮುಚ್ಚಲು ಬಳಸುತ್ತಿದ್ದುದರಿಂದ ರೇಡಿಯೋ ನೆಟ್ ಎಂದೇ ಹೆಸರಾದ ಚೌಕುಳಿ ಹೆಣಿಗೆ ಬಾಗಿಲು, ಕಿಟಕಿ ಪರದೆಗೆ ಚಂದ.

ಅಗಲದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ರೋಲ್ ಸಾಮಾನ್ಯವಾಗಿ 45, 60, 90 ಸೆಂಟಿಮೀಟರ್ ಅಗಲದಲ್ಲಿ ಬರುತ್ತದೆ, ಉದ್ದವನ್ನು ಅಡಿ ಅಥವಾ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಅಳತೆ ತೆಗೆಯಬೇಕಾದ್ದು ಗ್ರೂವ್‌ನ ಹೊರ ಅಂಚಿನಿಂದ ಹೊರ ಅಂಚಿಗೆ. ಅದಕ್ಕೆ ಪ್ರತಿ ಬದಿಗೂ 2.5 ಸೆಂಟಿಮೀಟರ್ ಸೇರಿಸಿ. ಗ್ರೂವ್‌ನ ಅಳತೆ 40 ಸೆಂಟಿಮೀಟರ್ ಬಂದರೆ 45ರ ರೋಲ್ ಸರಿಯಾಗಿ ಸಾಕು. 42 ಬಂದರೆ 60ರದ್ದೇ ಬೇಕು. ಕೈಯಿರುವ ಹಳೆಯ ಕುರ್ಚಿಗಳ ಮುಂಭಾಗ ಹಿಂಭಾಗಕ್ಕಿಂತ ಅಗಲ, ಆದ್ದರಿಂದ ಮುಂಭಾಗವನ್ನೇ ಅಳೆಯಿರಿ. ಬೆಲೆಯನ್ನು ಮೀಟರ್ ಲೆಕ್ಕದಲ್ಲಿ ಹೋಲಿಸಬೇಡಿ, ಚದರ ಅಡಿಗೆ ಇಳಿಸಿ ಹೋಲಿಸಿ. ಇಲ್ಲವಾದರೆ ಕಡಿಮೆ ಅಗಲದ ರೋಲ್ ಅಗ್ಗವೆಂದು ಕಾಣುತ್ತದೆ.

ಅಂಗಡಿಯಲ್ಲಿ ನೋಡಿ ಕೊಳ್ಳುವ ಅವಕಾಶವಿದ್ದರೆ ರೋಲನ್ನು ಎರಡಡಿ ಬಿಚ್ಚಿಸಿ. ಉದ್ದಕ್ಕೂ ಅಡ್ಡಕ್ಕೂ ಎಳೆಗಳು ಜೋಡಿಯಾಗಿರಬೇಕು, ಓರೆ ಎಳೆಗಳು ಒಂಟಿ. ಓರೆ ಎಳೆಯು ಉದ್ದ, ಅಡ್ಡ ಜೋಡಿಗಳು ಕೂಡುವ ಮೂಲೆಯೊಳಗೆ ನುಸುಳಿ ಹೋಗಿರಬೇಕು, ಮೂಲೆಯ ಮೇಲೆ ಹತ್ತಿ ಕೂತಿರಬಾರದು. ಹತ್ತಿ ಕೂತಿದ್ದರೆ ಕೂತಾಗ ಎದ್ದಾಗ ಎಳೆ ಎಳೆಗೆ ಉಜ್ಜಿ ಅಲ್ಲೇ ತುಂಡಾಗುತ್ತದೆ. ಬೆರಳಿನಿಂದ ಒಂದು ಎಳೆಯನ್ನು ಸ್ವಲ್ಪ ಬಾಗಿಸಿ, ಹೊಳಪಿನ ಮೈಯಿಂದ ಸೀಳು ಏಳಬಾರದು. ಹಿಂಬದಿಯಲ್ಲಿ ಗೋಧಿ ಹಿಟ್ಟಿನಂಥ ನಯವಾದ ಪುಡಿ ಕಂಡರೆ ಕುಟ್ಟೆ ಹುಳು ಹೊಕ್ಕಿದೆ ಎಂದರ್ಥ, ಆ ರೋಲನ್ನು ಮನೆಯೊಳಗೇ ತರಬೇಡಿ. ಬೆತ್ತದಲ್ಲಿ ಪಿಷ್ಟ ಇರುವುದರಿಂದ ಹುಳುವಿಗೆ ಅದು ಇಷ್ಟದ ಊಟ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬುಟ್ಟಿಗಳು ಹುಳು ಹಿಡಿಯದೆ ಬಾಳುತ್ತಿದ್ದುದು ಹೊಗೆಯ ದಯೆಯಿಂದ. ಗ್ಯಾಸ್ ಒಲೆಯ ಮನೆಯಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು.

ರೋಲ್ ಜೊತೆಗೆ ಗ್ರೂವ್‌ನಲ್ಲಿ ಕೂರುವ ಪಟ್ಟಿಯನ್ನೂ ಕೇಳಿ ತರಿಸಿ. ಅಂಗಡಿಯವರು ಸ್ಪ್ಲೈನ್ ಅನ್ನುತ್ತಾರೆ, ಬೆತ್ತದ ತಿರುಳಿನಿಂದ ಮಾಡಿದ್ದು, ಕೆಳಗೆ ಸಣ್ಣ, ಮೇಲೆ ದಪ್ಪ. ಹೆಚ್ಚಿನ ಆನ್‌ಲೈನ್ ಮಾರಾಟಗಾರರು ರೋಲ್ ಕಳಿಸುತ್ತಾರೆಯೇ ಹೊರತು ಇದನ್ನು ಕಳಿಸುವುದಿಲ್ಲ, ಈ ಸಾಮಾನಿನ ಬಗ್ಗೆ ನಮ್ಮ ದೊಡ್ಡ ತಕರಾರು ಇದೇ. ಗ್ರೂವ್‌ಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಸಣ್ಣದಿರಬೇಕು, ಏಕೆಂದರೆ ಒಳಗೆ ಬೆತ್ತಕ್ಕೂ ಜಾಗ ಬೇಕು. ಒಣ ಬೆತ್ತದ ತುಂಡೊಂದನ್ನು ಗ್ರೂವ್‌ನಲ್ಲಿಟ್ಟು ಮೇಲೆ ಪಟ್ಟಿ ಇಟ್ಟು ನೋಡಿ. ಬೆರಳಿನಿಂದ ಅರ್ಧ ಇಳಿದು ಉಳಿದರ್ಧಕ್ಕೆ ಪೆಟ್ಟು ಬೇಡಿದರೆ ಅಳತೆ ಸರಿ. ಪೂರ್ತಿ ಬೆರಳಿಗೇ ಇಳಿದರೆ ಸಡಿಲ, ಗೋಂದು ಎಷ್ಟು ಹಾಕಿದರೂ ಒಂದು ದಿನ ಮೇಲೆ ಬರುತ್ತದೆ.

ಈ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಹಳೆಯದನ್ನು ತೆಗೆಯುವುದು. ಹರಿದ ಬೆತ್ತವನ್ನು ಗ್ರೂವ್‌ನ ಒಳ ಅಂಚಿಗೆ ಸರಿಯಾಗಿ ಕತ್ತರಿಸಿ ತೆಗೆಯಿರಿ. ಹಳೆಯ ಪಟ್ಟಿಯ ಎರಡೂ ಬದಿಗೆ ಚೂಪಾದ ಚಾಕುವಿನಿಂದ ಗೆರೆ ಎಳೆಯಿರಿ. ಈ ಗೆರೆ ಬಿಟ್ಟರೆ ಪಟ್ಟಿಯ ಜೊತೆ ಬೀಟೆಯ ಅಂಚಿನ ಚಕ್ಕೆಯೂ ಎದ್ದು ಬರುತ್ತದೆ. ಆಮೇಲೆ ಗ್ರೂವ್‌ಗಿಂತ ಸಣ್ಣ ಅಗಲದ ಉಳಿಯಿಂದ ಮೂಲೆಯಿಂದ ಶುರು ಮಾಡಿ ಎಬ್ಬಿಸಿ. ಬರದಿದ್ದರೆ ಬಿಸಿನೀರು ಮತ್ತು ಬಿಳಿ ವಿನೆಗರ್ ಸಮ ಬೆರೆಸಿ ಹನಿ ಹನಿಯಾಗಿ ಗ್ರೂವ್‌ಗೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಮನೆಯಲ್ಲಿದೆ ಎಂದು ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ಹಾಕಬೇಡಿ, ಆ ಕಪ್ಪು ಮರದ ನಾರಿಗೂ ಹೊಸ ಬೆತ್ತಕ್ಕೂ ಇಳಿದರೆ ಹೋಗದು. ನೀರು ತಾಗಿ ಹಳೆಯ ಪಾಲಿಶ್ ಬೆಳ್ಳಗಾದರೆ ಹೆದರಬೇಡಿ. ಪಾಲಿಶ್ ಅರಗಿನದಾದರೆ, ಸ್ಪಿರಿಟ್‌ನಲ್ಲಿ ಒದ್ದೆಯಾಗುವಷ್ಟು ಮಾತ್ರ ಅದ್ದಿದ ಬಟ್ಟೆಯನ್ನು ಒಂದೇ ಬಾರಿ ಹಗುರ ಆಡಿಸಿದರೆ ಬಿಳಿ ಹೋಗುತ್ತದೆ. ಗ್ರೂವ್‌ನ ತಳದಲ್ಲಿ ಹಳೆಯ ಗೋಂದಿನ ಹೆಪ್ಪು ಒಂದಿಷ್ಟೂ ಉಳಿಯಬಾರದು. ಉಳಿದರೆ ಹೊಸ ಪಟ್ಟಿ ಅಲ್ಲಿ ಮೇಲಕ್ಕೆ ಉಬ್ಬಿ ನಿಂತು, ತೊಡೆಗೆ ಒತ್ತುತ್ತದೆ.

ಚೌಕಟ್ಟಿನ ಪಾಲಿಶ್ ಕೆಲಸವೇನಿದ್ದರೂ ಬೆತ್ತ ಹಾಕುವ ಮೊದಲೇ ಮುಗಿಸಬೇಕು. ಬೀಟೆಗೆ ಅರಗು ಪಾಲಿಶ್‌ಗಿಂತ ಒಳ್ಳೆಯದಿಲ್ಲ: ಒಂದು ಲೀಟರ್ ಸ್ಪಿರಿಟ್‌ಗೆ 150 ರಿಂದ 200 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ಕರಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಹಲವು ಸಲ. ಮಳೆ ಹೊಯ್ಯುವ ದಿನ ಮುಟ್ಟಬೇಡಿ. ಸ್ಪಿರಿಟ್ ಆರುವಾಗ ಗಾಳಿಯ ತೇವ ಸೇರಿ ಪಾಲಿಶ್ ಹಾಲಿನ ಹಾಗೆ ಮಸುಕಾಗುತ್ತದೆ.

ಈಗ ನೆನೆಸುವುದು. ಉಗುರು ಬೆಚ್ಚಗಿನ ನೀರಿನಲ್ಲಿ ಜಾಲರಿಯನ್ನು 20 ರಿಂದ 30 ನಿಮಿಷ ಇಟ್ಟರೆ ಸಾಕು, ಪಟ್ಟಿಗೆ 10–15 ನಿಮಿಷ. ಗಂಟೆಗಟ್ಟಲೆ ಬಿಟ್ಟರೆ ಬೆತ್ತ ಬಣ್ಣಗೆಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ಜಾಲರಿಯನ್ನು ಮಡಚಬೇಡಿ, ಸುರುಳಿಯಾಗಿ ಸಡಿಲ ಬಿಟ್ಟು ಮುಳುಗಿಸಿ. ನೀರು ಹೀರುವುದು ಹಿಂಬದಿ ಮಾತ್ರ, ಮುಂಬದಿಯ ಹೊಳಪಿನ ಮೈಯಲ್ಲಿ ಸಿಲಿಕಾ ಇರುವುದರಿಂದ ನೀರು ಅಲ್ಲಿ ಇಳಿಯದು. ಹುಳು, ಬೂಸ್ಟು ಎರಡನ್ನೂ ತಡೆಯಲು ಆ ನೀರಿಗೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಸೇರಿಸಿ: ಹತ್ತು ಲೀಟರ್‌ಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ. ಮೊದಲು ಒಂದೆರಡು ಲೀಟರ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ಉಳಿದ ನೀರು ಬೆರೆಸಿ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರವಿಡಿ, ಉಳಿದ ನೀರನ್ನು ಕೆರೆಗೂ ತೋಟಕ್ಕೂ ಬಿಡಬೇಡಿ. ಕೊಡಗಿಗೆ ಈ ಹೆಜ್ಜೆ ಬಿಡುವ ಹಾಗೇ ಇಲ್ಲ.

ಜಾಲರಿಯನ್ನು ಹೊಳಪಿನ ಮೈ ಮೇಲೆ ಬರುವಂತೆ ಚೌಕಟ್ಟಿನ ಮೇಲಿಟ್ಟು, ಕಣ್ಣುಗಳ ಸಾಲು ಮುಂದಿನ ಅಂಚಿಗೆ ಸಮಾನಾಂತರವಾಗಿದೆಯೇ ನೋಡಿ. ಒಂದು ಸಾಲು ಓರೆಯಾದರೂ ಕುರ್ಚಿ ಇರುವವರೆಗೂ ಕಣ್ಣಿಗೆ ಚುಚ್ಚುತ್ತದೆ. ಚೌಕಟ್ಟಿನ ಹಿಂಬದಿಯ ನಡುವೆ ಮರದ ಬೆಣೆಯಿಂದ ಬೆತ್ತವನ್ನು ಗ್ರೂವ್‌ಗೆ ಇಳಿಸಿ, ಬೆಣೆಯನ್ನು ಅಲ್ಲೇ ಬಿಡಿ. ಮತ್ತೆ ಮುಂಬದಿಯ ನಡುವೆ, ಆಮೇಲೆ ಎರಡು ಪಕ್ಕಗಳ ನಡುವೆ, ಕೊನೆಗೆ ನಡುವಿನಿಂದ ಮೂಲೆಗಳ ಕಡೆಗೆ. ಮೂಲೆಯಿಂದ ಶುರು ಮಾಡಿದರೆ ನಡುವೆ ಉಬ್ಬು ನಿಲ್ಲುತ್ತದೆ. ಬೆಣೆಗೆ ತೋಟದ ಸಿಲ್ವರ್ ಓಕ್ ಚೂರು ಸೊಗಸು, ಮೆತ್ತಗಿರುವುದರಿಂದ ಬೆತ್ತವನ್ನು ಕತ್ತರಿಸುವುದಿಲ್ಲ. ತುದಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿ ಮೊಂಡು ಮಾಡಿ. ಹೊಡೆಯಲು ಕೊಡತಿ ಸಾಕು, ಕಬ್ಬಿಣದ ಸುತ್ತಿಗೆ ಬೇಡ. ಗ್ರೂವ್‌ನೊಳಗೆ ಉದ್ದಕ್ಕೆ ಮಲಗುವ ಎಳೆಗಳಿದ್ದರೆ ಅವನ್ನು ಎಳೆದು ತೆಗೆದುಬಿಡಿ, ಆಗ ಅಡ್ಡ ಎಳೆಗಳು ತಳದವರೆಗೆ ಇಳಿಯುತ್ತವೆ.

ಎಷ್ಟು ಬಿಗಿ ಎಳೆಯಬೇಕು ಎಂಬುದರಲ್ಲೇ ಕೆಲಸದ ಆಯಸ್ಸು ಇದೆ. ಒದ್ದೆ ಬೆತ್ತ ಆರುತ್ತಾ ತಾನೇ ಬಿಗಿಯಾಗುತ್ತದೆ. ಒದ್ದೆಯಲ್ಲೇ ಬಲವಾಗಿ ಎಳೆದು ಕೂರಿಸಿದರೆ ಬೇಸಿಗೆಯಲ್ಲಿ ಗ್ರೂವ್‌ನ ಅಂಚಿನಲ್ಲಿ ಟಪ್ ಎಂದು ಹರಿಯುತ್ತದೆ. ಸುಕ್ಕಿಲ್ಲದೆ ಸಮನಾಗಿ, ಒತ್ತಿದರೆ ಬೆರಳಿನಷ್ಟು ತಗ್ಗುವಂತೆ ಇದ್ದರೆ ಸಾಕು.

ಸುತ್ತಲೂ ಇಳಿದ ಮೇಲೆ, ಬೆತ್ತ ಇನ್ನೂ ಒದ್ದೆಯಿರುವಾಗಲೇ, ಹೊರಗೆ ಉಳಿದ ಭಾಗವನ್ನು ಗ್ರೂವ್‌ನ ಹೊರ ಗೋಡೆಯ ಮೇಲಂಚಿಗಿಂತ ಸ್ವಲ್ಪ ಕೆಳಗೆ ಚೂಪಾದ ಉಳಿಯಿಂದ ಕತ್ತರಿಸಿ. ಮೇಲೆ ಉಳಿದರೆ ಪಟ್ಟಿಯ ಪಕ್ಕದಲ್ಲಿ ಮುಳ್ಳಿನಂತೆ ಎದ್ದು ಸೀರೆ, ಪಂಚೆಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗ್ರೂವ್‌ನಲ್ಲಿ ಫೆವಿಕಾಲ್‌ನ ಒಂದು ತೆಳು ಧಾರೆ. ತುಂಬಾ ಹಾಕಿದರೆ ಪಟ್ಟಿ ಒತ್ತಿದಾಗ ಉಕ್ಕಿ ಜಾಲರಿಯ ಕಣ್ಣಿಗೆ ಹರಿಯುತ್ತದೆ. ಎಪಾಕ್ಸಿಯನ್ನು ಮಾತ್ರ ಬಳಸಬೇಡಿ. ಮುಂದೊಂದು ದಿನ ಈ ಬೆತ್ತವನ್ನೂ ಯಾರೋ ತೆಗೆಯಬೇಕಾಗುತ್ತದೆ, ಆಗ ಮರವೇ ಕಿತ್ತು ಬರುತ್ತದೆ. ಚೌಕ ಮೂಲೆಯ ಕುರ್ಚಿಗೆ ಪಟ್ಟಿಯನ್ನು ನಾಲ್ಕು ತುಂಡು ಮಾಡಿ ಮೂಲೆಗೆ 45 ಡಿಗ್ರಿ ಕತ್ತರಿಸಿ ಕೂಡಿಸಿ. ದುಂಡು ಚೌಕಟ್ಟಾದರೆ ಹಿಂಬದಿಯಿಂದ ಶುರು ಮಾಡಿ ಒಂದೇ ಉದ್ದದ ಪಟ್ಟಿ.

ಆರಲು ಬೇರೆ ಊರಿನಲ್ಲಿ ಒಂದೆರಡು ದಿನ ಸಾಕು. ಕೊಡಗಿನಲ್ಲಿ ಲೆಕ್ಕ ಬೇರೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆತ್ತ ಆರುವುದೇ ಇಲ್ಲ. ಗ್ರೂವ್‌ನೊಳಗಿನ ಬಿಳಿ ಗೋಂದು ಮೆತ್ತಗೇ ಉಳಿದು, ಅಲ್ಲಿಂದಲೇ ಬೂಸ್ಟು ಶುರುವಾಗಿ, ಪಟ್ಟಿ ಸ್ವಲ್ಪ ಸ್ವಲ್ಪ ಮೇಲೆ ಏಳುತ್ತದೆ. ರೋಲ್ ಕೆಲಸಕ್ಕೆ ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ದಿನಗಳೇ ಸರಿಯಾದ ಕಾಲ. ಆಗಲೂ ಮೂರು ದಿನ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಿ. ಕಾಫಿ ಒಣಗಿಸುವ ಕಣದ ಬಿಸಿಲಿಗೆ ಇಟ್ಟರೆ ಬೆತ್ತ ಒಂದೇ ಬದಿಗೆ ಬೇಗ ಬಿಗಿದು ಚೌಕಟ್ಟನ್ನೇ ತಿರುಚಬಹುದು. ಪೂರ್ತಿ ಆರಿದ ಜಾಲರಿಯನ್ನು ಬೆರಳಿನಿಂದ ತಟ್ಟಿದರೆ ದುಡಿ ವಾದ್ಯದಂತೆ ನಾದ ಬರುತ್ತದೆ. ಮಂಕು ಸದ್ದು ಬಂದರೆ ಇನ್ನೂ ತೇವ ಇದೆ, ಕೂರಬೇಡಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಒಳ್ಳೆಯ ತಿಂಗಳುಗಳು ಇನ್ನೂ ಕೆಲವು ಸಿಗುತ್ತವೆ.

ಪ್ಲಾಸ್ಟಿಕ್ ಜಾಲರಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇರಿಚಲು ಹೊಡೆಯುವ ಹೊರ ಜಗಲಿಯ ಬೆಂಚಿಗೆ ಅದೇ ಸರಿ, ಬೂಸ್ಟೂ ಇಲ್ಲ, ಹುಳುವೂ ಇಲ್ಲ. ಆದರೆ ಅದು ಆರಿ ಬಿಗಿಯಾಗುವ ವಸ್ತುವಲ್ಲ. ನೆನೆಸದೆ, ಒಣಗಿದ್ದಂತೆಯೇ ಸಾಧ್ಯವಾದಷ್ಟು ಬಿಗಿ ಎಳೆದು ಹಾಕಬೇಕು. ಬಿಳಿ ಗೋಂದು ಅದಕ್ಕೆ ಹಿಡಿಯದು, ಸ್ಟೇಪಲ್ ಹೊಡೆದು ಮೇಲೆ ಬೀಡಿಂಗ್ ಕೂರಿಸಬೇಕು. ದಿನವೂ ಭಾರ ಬಿದ್ದರೆ ಜೋತು ಬೀಳುತ್ತದೆ, ಜೋತದ್ದು ಮತ್ತೆ ಮೇಲೇಳದು. ಬೀಟೆ ಕುರ್ಚಿಗೆ ಇದನ್ನು ಹಾಕುವುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ.

ತೂತಿನ ಕುರ್ಚಿಗಳ ವಿಷಯ. ಉದ್ದ ಕೈಗಳ ಪ್ಲಾಂಟರ್ಸ್ ಕುರ್ಚಿಗಳು ಹೆಚ್ಚಾಗಿ ಈ ಜಾತಿಯವೇ. ಬೆನ್ನಿನಿಂದ ತೊಡೆಯವರೆಗೆ ಒಂದೇ ಇಳಿಜಾರು, ಭಾರವೆಲ್ಲ ಬಾಗಿದ ನಡುವಿಗೆ. ಅಲ್ಲಿ ಪ್ರತಿ ಎಳೆಯೂ ತನ್ನ ತೂತಿನಲ್ಲಿ ತಾನೇ ಭಾರ ಹೊರುವ ಕೈಹೆಣಿಗೆಗೆ ಸಾಟಿ ಇಲ್ಲ. ಇದಕ್ಕೆ ಬಿಡಿ ಎಳೆಯ ಸಿಂಬೆ ಕೊಳ್ಳಿ. ತೂತಿಂದ ತೂತಿಗೆ 12–13 ಮಿಲಿಮೀಟರ್ ಇದ್ದರೆ 2.5 ಮಿಲಿಮೀಟರ್ ಅಗಲದ ಎಳೆ, 16 ಇದ್ದರೆ 3, 19 ಇದ್ದರೆ 3.5. ಒಂದು ಸಾಧಾರಣ ಊಟದ ಕುರ್ಚಿಗೆ 75 ಮೀಟರ್‌ನ ಒಂದು ಸಿಂಬೆ ಸಾಕು, ಪ್ಲಾಂಟರ್ಸ್ ಕುರ್ಚಿಗೆ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಹಂದಿಬೆತ್ತ, ನಾಗಬೆತ್ತದಂಥವು ನಮ್ಮ ಕಾಡಿನಲ್ಲೇ ಇವೆಯಲ್ಲ ಎಂದು ಕತ್ತಿ ಹಿಡಿದು ಹೊರಡಬೇಡಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಜೊತೆಗೆ ಅಷ್ಟು ಸಮನಾದ ಎಳೆ ಸೀಳುವುದು ಬೇರೆಯದೇ ಕಸುಬು.

ಹೆಣಿಗೆ ಏಳು ಹಂತ. ಮೊದಲು ಹಿಂದಿನಿಂದ ಮುಂದಕ್ಕೆ, ನಡು ತೂತಿನಿಂದ ಶುರು. ಎರಡನೆಯದು ಅದರ ಮೇಲೆ ಅಡ್ಡಕ್ಕೆ. ಮೂರನೆಯದು ಮತ್ತೆ ಉದ್ದಕ್ಕೆ, ಮೊದಲಿನ ತೂತುಗಳಲ್ಲೇ, ಆದರೆ ಎಲ್ಲದರ ಮೇಲೆ, ಮೊದಲ ಎಳೆಯ ಬಲಕ್ಕೆ. ನಾಲ್ಕನೆಯದರಿಂದ ನಿಜವಾದ ಹೆಣಿಗೆ: ಅಡ್ಡ ಹೋಗುತ್ತಾ ಮೂರನೆಯ ಎಳೆಯ ಮೇಲೆ, ಮೊದಲನೆಯದರ ಕೆಳಗೆ. ಐದು, ಆರು ಓರೆ ಎಳೆಗಳು. ಏಳನೆಯದು ತೂತುಗಳನ್ನು ಮುಚ್ಚುವ ಅಂಚಿನ ಅಗಲ ಎಳೆ. ಓರೆ ಎಳೆ ಸರಿಯಾಗಿ ಹೋಗಿದೆಯೇ ಎಂದು ತಿಳಿಯಲು ಅದನ್ನು ಹಿಂದೆ ಮುಂದೆ ಎಳೆದು ನೋಡಿ. ಜಾರಿದರೆ ಸರಿ, ಕಚ್ಚಿ ಹಿಡಿದರೆ ಮೇಲೆ ಕೆಳಗೆ ಅದಲುಬದಲಾಗಿದೆ, ಆಗಲೇ ಬಿಚ್ಚಿ. ಮುಂದಕ್ಕೆ ಹೋದರೆ ಹತ್ತು ಸಾಲು ಬಿಚ್ಚಬೇಕಾಗುತ್ತದೆ. ಮೊದಲ ಮೂರು ಹಂತವನ್ನು ಸಡಿಲವಾಗಿಯೇ ಬಿಡಿ, ಮುಂದಿನ ಹಂತಗಳು ಬಿಗಿ ತುಂಬುತ್ತವೆ.

ಒಂದು ಊಟದ ಕುರ್ಚಿಗೆ ಹತ್ತು ಹನ್ನೆರಡು ಗಂಟೆ ಹಿಡಿಯುವ ಕೆಲಸ ಇದು. ರೋಲ್‌ಗೆ ಕೂಡದ, ಜುಲೈ–ಆಗಸ್ಟ್‌ನ ಕಕ್ಕಡ ಮಾಸ ಇದಕ್ಕೆ ಒಳ್ಳೆಯ ಕಾಲ. ಗೋಂದಿನ ಹಂಗಿಲ್ಲ, ತೇವದ ಗಾಳಿಯಲ್ಲಿ ಎಳೆ ಮೆತ್ತಗೇ ಇದ್ದು ಮತ್ತೆ ಮತ್ತೆ ನೆನೆಸಬೇಕಾಗಿಲ್ಲ. ಹೊರಗೆ ಮಳೆ ಹಿಡಿದು ಕರೆಂಟ್ ಹೋದ ಸಂಜೆ, ಕೈ ಒಂದೇ ಲಯಕ್ಕೆ ಬಂದ ಮೇಲೆ ಮನಸ್ಸು ತಾನಾಗಿ ತಣ್ಣಗಾಗುತ್ತದೆ. ಬೆತ್ತದ ಕೆಲಸದ ನಿಜವಾದ ಸುಖ ಸಿಗುವುದು ರೋಲ್‌ನಲ್ಲಲ್ಲ, ಇಲ್ಲಿ. ಮುಗಿದ ಕುರ್ಚಿಯನ್ನು ಗೋಡೆಗೆ ತಾಗಿಸದೆ ಒಲೆಯ ಕೋಣೆಯ ಬೆಚ್ಚಗಿನಲ್ಲಿಡಿ. ಕೊನೆಯ ಬಿಗಿ ಬರುವುದು ಡಿಸೆಂಬರ್‌ನ ಒಣಗಾಳಿಗೆ.

ಹಾಕಿದ ಮೇಲೆ ಬೆತ್ತಕ್ಕೆ ದಪ್ಪ ವಾರ್ನಿಶ್ ಬಳಿಯಬೇಡಿ. ಕೂತಾಗ ಬೆತ್ತ ಬಾಗುತ್ತದೆ, ವಾರ್ನಿಶ್ ಬಾಗದೆ ಬಿರಿಯುತ್ತದೆ, ಹಿಂಬದಿಯೂ ಮುಚ್ಚಿದರೆ ಮತ್ತೆ ನೀರು ಕುಡಿಯದು. ಮಳೆಗಾಲದಲ್ಲಿ ಕಪ್ಪು ಚುಕ್ಕೆ ಕಂಡರೆ ಬಿಳಿ ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಗಾಳಿಗಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ತಿಂಗಳಿಗೊಮ್ಮೆ ಕೆಳಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಳೆ ಪೆಡಸಾಗದು. ಸ್ವಲ್ಪ ಜೋತಿದ್ದರೆ ಕೆಳಗಿನಿಂದ ಚೆನ್ನಾಗಿ ಒದ್ದೆ ಮಾಡಿ ಎರಡು ದಿನ ಕೂರದೆ ಬಿಡಿ, ಎಳೆ ಹರಿಯದಿದ್ದರೆ ಮತ್ತೆ ಬಿಗಿಯುತ್ತದೆ. ಬಲ್ಬ್ ಬದಲಿಸಲು ಮಾತ್ರ ಅದರ ಮೇಲೆ ಹತ್ತಬೇಡಿ. ಹಿಮ್ಮಡಿಯ, ಮೊಣಕಾಲಿನ ಒಂದೇ ಕಡೆಯ ಒತ್ತಡವನ್ನು ಯಾವ ಬೆತ್ತವೂ ತಡೆಯುವುದಿಲ್ಲ. 60ರ ರೋಲ್‌ನಲ್ಲಿ ಕುರ್ಚಿಗೆ ಕತ್ತರಿಸಿ ಉಳಿದ ಜಾಲರಿಯ ತುಂಡನ್ನು ಸುರುಳಿ ಸುತ್ತಿ ಹತ್ತಿ ಬಟ್ಟೆಯಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಬೂಟಿನ ಕಪಾಟಿನ ಬಾಗಿಲಿಗೆ ಹಾಕಿದರೆ ಮಳೆಗಾಲದಲ್ಲಿ ಒಳಗೆ ಗಾಳಿಯಾಡುತ್ತದೆ.